ಪಿಎಫ್, ಮನೆ ಸಾಲ, ಎಸ್‌ಐಪಿ: ಒಂದೇ ಸಂಬಳದಲ್ಲಿ ಮೂರನ್ನೂ ಹೊಂದಿಸೋದು ಹೇಗೆ? ಸಮಗ್ರ ಮಾರ್ಗದರ್ಶಿ

"ಅಕ್ಕಾ, ಬ್ಯಾಂಕಿನವರು 32 ಲಕ್ಷ ಕೊಡ್ತೀವಿ ಅಂದಿದ್ದಾರೆ. ಬಟವಾಡಿ ಹತ್ರ 40 ಲಕ್ಷಕ್ಕೆ ಮನೆ ಇದೆ. ತಗೊಂಡ್‌ಬಿಡ್ಲಾ?"

ಕೇಳಿದವನು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ. ವಯಸ್ಸು 33. ಹೆಂಡತಿ ತುಮಕೂರಿನಲ್ಲೇ ಖಾಸಗಿ ಶಾಲೆಯ ಟೀಚರ್. ಅಪ್ಪ ಅಮ್ಮ ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಈ ಪ್ರಶ್ನೆ ನನಗೆ ಹೊಸದಲ್ಲ. ಕೇಳುವವರು ಬದಲಾಗುತ್ತಾರೆ, ಲಕ್ಷಗಳು ಬದಲಾಗುತ್ತವೆ, ತಪ್ಪು ಮಾತ್ರ ಅದೇ. ಮೊದಲು ಮನೆ ನೋಡುತ್ತಾರೆ. ಆಮೇಲೆ ಬ್ಯಾಂಕ್ ಎಷ್ಟು ಕೊಡುತ್ತದೆ ಅಂತ ಕೇಳುತ್ತಾರೆ. ಕಡಿಮೆ ಬಿದ್ದದ್ದನ್ನು ಪಿಎಫ್‌ನಿಂದ ತೆಗೆಯುತ್ತಾರೆ. ಕಂತು ಶುರುವಾದ ಮೇಲೆ ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕೋ ದುಡ್ಡು) ನಿಲ್ಲಿಸುತ್ತಾರೆ. ವಯಸ್ಸಾದ ಕಾಲದ ದುಡ್ಡಿನ ಯೋಚನೆ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ.

ಈ ಕ್ರಮವನ್ನು ತಿರುಗಿಸಬೇಕು. ಸಾಲದ ಮೊತ್ತ ಎಷ್ಟು ಅನ್ನೋದು ಲೆಕ್ಕದ ಕೊನೆಯಲ್ಲಿ ತಾನಾಗೇ ಹೊರಬೀಳಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಐದನೇ ಹಂತ ಸುಲಭ ಕಾಣಿಸುತ್ತದೆ ಅಂತ ನೇರವಾಗಿ ಅಲ್ಲಿಗೆ ಹಾರಬೇಡಿ.

ಶುರು ಮಾಡೋ ಮುಂಚೆ ಮೇಜಿನ ಮೇಲೆ ಏನೇನು ಇರಬೇಕು

ಗಂಡ ಹೆಂಡತಿ ಇಬ್ಬರದ್ದೂ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಮೂರು ತಿಂಗಳ ಪೇ ಸ್ಲಿಪ್. ಪಿಎಫ್ ಪಾಸ್‌ಬುಕ್, ಅದಕ್ಕೆ ಯುಎಎನ್ (ಪಿಎಫ್ ಸದಸ್ಯರ ಖಾಯಂ ನಂಬರ್) ಮತ್ತು ಪಾಸ್‌ವರ್ಡ್ ಬೇಕು. ಇರುವ ಎಲ್ಲಾ ಸಾಲಗಳ ಪಟ್ಟಿ: ಗಾಡಿ ಸಾಲ, ಚಿನ್ನದ ಸಾಲ, ಕ್ರೆಡಿಟ್ ಕಾರ್ಡ್, ಭಾವನ ಹತ್ತಿರ ತಗೊಂಡ ಕೈಸಾಲವೂ ಸೇರಿ. ಒಂದು ಕ್ರೆಡಿಟ್ ರಿಪೋರ್ಟ್, ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಒಂದು ನೋಟ್‌ಬುಕ್, ಒಂದು ಪೆನ್ನು. ಮೊಬೈಲಿನಲ್ಲಿ ಇಎಂಐ ಕ್ಯಾಲ್ಕ್ಯುಲೇಟರ್ ಸಾಕು.

ಇಬ್ಬರೂ ಒಟ್ಟಿಗೆ ಕೂತು ಮಾಡಿ. ಒಬ್ಬರೇ ಮಾಡಿದ ಲೆಕ್ಕದಲ್ಲಿ ಇನ್ನೊಬ್ಬರ ಖರ್ಚು ಯಾವಾಗಲೂ ಕಡಿಮೆ ಬಿದ್ದಿರುತ್ತದೆ.

ಹಂತ 1: ಕೈಗೆ ಬರುವ ದುಡ್ಡು, ಕೈ ಬಿಟ್ಟು ಹೋಗುವ ದುಡ್ಡು

ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚಿನ ಲೆಕ್ಕ, ಮರೆತುಬಿಡಿ. ಬ್ಯಾಂಕ್ ಖಾತೆಗೆ ಎಷ್ಟು ಬಂತು ಅನ್ನೋದನ್ನಷ್ಟೇ ಬರೆಯಿರಿ. ಓವರ್‌ಟೈಮ್, ಇನ್ಸೆಂಟಿವ್, ಬೋನಸ್ ಸೇರಿಸಬೇಡಿ. ಅವು ಬಂದಾಗ ಬರಲಿ, ಎಂಟನೇ ಹಂತದಲ್ಲಿ ಅವಕ್ಕೆ ಕೆಲಸ ಇದೆ.

ಆ ಹುಡುಗನ ಕೈಗೆ 44,000, ಹೆಂಡತಿಗೆ 16,000. ಒಟ್ಟು 60,000. ಖರ್ಚು ಬರೆಯೋಕೆ ಕೂತಾಗ ಮೊದಲ ಸಲ ಅವನು ಹೇಳಿದ್ದು, "ಮನೆ ಖರ್ಚು ಒಂದು ಹದಿನೈದು ಆಗಬಹುದು ಅಕ್ಕಾ." ಸ್ಟೇಟ್‌ಮೆಂಟ್ ತೆಗೆದು ಸಾಲು ಸಾಲಾಗಿ ಕೂಡಿಸಿದಾಗ 21,000 ಬಂತು. ಫೋನ್‌ಪೇನಲ್ಲಿ 40, 60, 120 ಅಂತ ಹೋದದ್ದೇ ತಿಂಗಳಿಗೆ ನಾಲ್ಕು ಸಾವಿರ ಇತ್ತು. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ. ಅದಕ್ಕೇ ಅಂದಾಜು ಬೇಡ, ಸ್ಟೇಟ್‌ಮೆಂಟ್ ಬೇಕು.

ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು 12ರಿಂದ ಭಾಗಿಸಿ ಬರೆಯಿರಿ. ಶಾಲೆ ಫೀಸು 48,000 ಅಂದರೆ ತಿಂಗಳಿಗೆ 4,000. ಆರೋಗ್ಯ ವಿಮೆ, ಟರ್ಮ್ ಇನ್ಶೂರೆನ್ಸ್ (ಅವಧಿಯೊಳಗೆ ಸತ್ತರೆ ಮಾತ್ರ ದುಡ್ಡು ಬರುವ ಜೀವ ವಿಮೆ) ಸೇರಿ 30,000 ಅಂದರೆ ತಿಂಗಳಿಗೆ 2,500. ಊರಿಗೆ ಕಳಿಸೋದು 4,000. ಹಬ್ಬ, ಜಾತ್ರೆ, ಮದುವೆ ಮುಯ್ಯಿಗೆ 2,000. ಈ ಕೊನೆಯದನ್ನು ಜನ ಬರೆಯೋದೇ ಇಲ್ಲ. ಆದರೆ ವೈಶಾಖದಲ್ಲಿ ನಾಲ್ಕು ಮದುವೆ ಬಂದರೆ ಕಂತಿನ ದುಡ್ಡಿಗೇ ಕೈ ಹೋಗುತ್ತದೆ.

ಸ್ವಂತ ಮನೆಗೆ ಹೋದಮೇಲೆ ಬಾಡಿಗೆ ಇರೋದಿಲ್ಲ, ಅದಕ್ಕೇ ಬಾಡಿಗೆ 11,000ವನ್ನು ಬೇರೆ ಇಟ್ಟು ಕೂಡಿದರೆ ಖರ್ಚು 33,500. ಉಳಿಕೆ 26,500. ಗಾಡಿ ಸಾಲದ 3,200 ಮತ್ತು ಚೀಟಿಯ 5,000 ಇದರಲ್ಲಿ ಸೇರಿಲ್ಲ. ಯಾಕೆಂದರೆ ಆ ಎರಡೂ ಮುಗಿಯೋವರೆಗೆ ಮನೆ ಸಾಲ ತೆಗೆಯುವುದಿಲ್ಲ ಅಂತ ಮೊದಲೇ ಮಾತಾಯಿತು.

ಈಗ ಬ್ಯಾಂಕಿನ 32 ಲಕ್ಷ ನೋಡಿ. 8% ಬಡ್ಡಿ, 20 ವರ್ಷ ಅಂದರೆ ಕಂತು 26,766. ಮನೆಯಲ್ಲಿ ಉಳಿಯೋದು 26,500. ಅವನು ಆ ಎರಡು ಸಂಖ್ಯೆಗಳನ್ನು ಒಂದರ ಕೆಳಗೆ ಒಂದು ಬರೆದು ತುಂಬಾ ಹೊತ್ತು ಸುಮ್ಮನೆ ಕೂತಿದ್ದ.

ಬ್ಯಾಂಕ್ ಮೋಸ ಮಾಡಲಿಲ್ಲ. ಅವರು ಆದಾಯದ ಅರ್ಧ, ಅಂದರೆ 30,000 ತೆಗೆದುಕೊಂಡು, ಗಾಡಿ ಕಂತು ಕಳೆದು, ಉಳಿದದ್ದಕ್ಕೆ ಎಷ್ಟು ಸಾಲ ಬರುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ನಿಮ್ಮ ಅಪ್ಪನ ಬಿಪಿ ಮಾತ್ರೆ, ಮಗಳ ಶಾಲೆ ಅವರ ಲೆಕ್ಕದಲ್ಲಿ ಇರೋದಿಲ್ಲ, ಅಲ್ವಾ?

ಹಂತ 2: ಪಿಎಫ್ ಪಾಸ್‌ಬುಕ್ ಓದಿ

"ಪಿಎಫ್ ಕಟ್ ಆಗ್ತಿದೆ, ಪಿಂಚಣಿಗೆ ಚಿಂತೆ ಇಲ್ಲ" ಅನ್ನೋ ಮಾತು ಎಷ್ಟು ಸಲ ಕೇಳಿದ್ದೇನೋ. ಪಾಸ್‌ಬುಕ್ ತೆಗೆದು ನೋಡಿ. ಅದರಲ್ಲಿ ಮೂರು ಕಾಲಂ ಇರುತ್ತದೆ: ನೌಕರರ ಪಾಲು, ಕಂಪನಿಯ ಪಾಲು, ಪಿಂಚಣಿಯ ಪಾಲು.

ನಿಯಮದ ಪ್ರಕಾರ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿದ ಮೊತ್ತದ 12% ನಿಮ್ಮಿಂದ, 12% ಕಂಪನಿಯಿಂದ. ಆದರೆ ಅನೇಕ ಕಂಪನಿಗಳು 15,000 ರೂಪಾಯಿಯ ಮಿತಿಗಷ್ಟೇ ಕಟ್ಟುತ್ತವೆ. ನಮ್ಮ ಹುಡುಗನ ಬೇಸಿಕ್ 22,000. ಅದರ 12% ಅಂದರೆ 2,640. ಕಟ್ ಆಗುತ್ತಿದ್ದದ್ದು 1,800. ಕಂಪನಿಯ 1,800ರಲ್ಲಿ 1,250 ಪಿಂಚಣಿ ಕಾಲಂಗೆ ಹೋಗಿ, ಪಿಎಫ್‌ಗೆ ಬಂದದ್ದು ಬರೀ 550. ಅಂದರೆ ತಿಂಗಳಿಗೆ ಬಡ್ಡಿ ದುಡಿಯುವ ದುಡ್ಡು 2,350 ಮಾತ್ರ.

ಆ ಪಿಂಚಣಿ ಕಾಲಂ ಬಗ್ಗೆ ಸರಿಯಾಗಿ ತಿಳಿದುಕೊಳ್ಳಿ. ಅದು ನಿಮ್ಮ ಹೆಸರಲ್ಲಿ ಬಡ್ಡಿ ಸೇರಿ ಬೆಳೆಯುವ ದುಡ್ಡಲ್ಲ. ಅದಕ್ಕೆ ಬೇರೆ ಸೂತ್ರ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಕನಿಷ್ಠ 10 ವರ್ಷ ಸೇವೆ ಇರಬೇಕು, 58ಕ್ಕೆ ಪಿಂಚಣಿ ಶುರು. 15,000ದ ಮಿತಿಯಲ್ಲಿ 30 ವರ್ಷ ದುಡಿದರೂ ತಿಂಗಳಿಗೆ 7,000 ದಾಟೋದಿಲ್ಲ. ಬೆಲೆ ಏರಿದ ಹಾಗೆ ಅದು ಏರೋದೂ ಇಲ್ಲ. ಇವತ್ತೇ 7,000ದಲ್ಲಿ ಮನೆ ನಡೆಯೋದಿಲ್ಲ, 25 ವರ್ಷ ಕಳೆದ ಮೇಲೆ?

ಈ ಹಂತದಲ್ಲಿ ಮಾಡಬೇಕಾದ ಕೆಲಸಗಳು ಇಷ್ಟು. ಹಳೇ ಕಂಪನಿಯ ಪಿಎಫ್ ಬೇರೆ ಬಿದ್ದಿದ್ದರೆ ಈಗಿನದಕ್ಕೆ ವರ್ಗಾಯಿಸಿ. ಐದು ವರ್ಷ ಸತತ ಸೇವೆ ಆಗುವ ಮುಂಚೆ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ವರ್ಗಾಯಿಸಿದರೆ ಹಳೇ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಆಧಾರ್, ಪಾನ್, ಹೆಸರಿನ ಸ್ಪೆಲಿಂಗ್ ಸರಿ ಇದೆಯಾ ನೋಡಿ. ಇ-ನಾಮಿನೇಷನ್ ಮಾಡಿ. ಮದುವೆಗೆ ಮುಂಚೆ ಅಮ್ಮನ ಹೆಸರು ಹಾಕಿ ಹಾಗೇ ಬಿಟ್ಟವರು ತುಂಬಾ ಜನ ಇದ್ದಾರೆ.

ಆಮೇಲೆ ಎಚ್‌ಆರ್ ಹತ್ತಿರ ಕೇಳಿ: ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟೋಕೆ ಆಗುತ್ತಾ? ಆಗದಿದ್ದರೆ ವಿಪಿಎಫ್, ಅಂದರೆ ನೀವಾಗೇ ಜಾಸ್ತಿ ಕಟ್ಟೋ ವ್ಯವಸ್ಥೆ ಇದೆಯಾ? ಇದಕ್ಕೂ ಪಿಎಫ್‌ನ ಬಡ್ಡಿಯೇ. 2023-24 ಮತ್ತು 2024-25ಕ್ಕೆ ಅದು 8.25%. ನಿಮ್ಮ ಸ್ವಂತ ಪಾಲು ವರ್ಷಕ್ಕೆ 2.5 ಲಕ್ಷ ದಾಟಿದರೆ ಮಾತ್ರ ದಾಟಿದ ಭಾಗದ ಬಡ್ಡಿಗೆ ತೆರಿಗೆ. ತುಮಕೂರಿನ ಕಾರ್ಖಾನೆ ಸಂಬಳದಲ್ಲಿ ಆ ಮಿತಿ ದಾಟೋದು ಕಷ್ಟವೇ.

ಶಾಲೆಯಲ್ಲಿ ಹೆಂಡತಿಗೆ ಪಿಎಫ್ ಇಲ್ಲ ಅಂತಾದರೆ ಅವರ ಹೆಸರಲ್ಲೇ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಅಥವಾ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆ ತೆರೆಯಿರಿ. ಪಿಪಿಎಫ್ ಅಂಚೆ ಕಚೇರಿಯಲ್ಲೂ ಆಗುತ್ತದೆ. 2020ರ ಏಪ್ರಿಲ್‌ನಲ್ಲಿ ಅದರ ಬಡ್ಡಿ 7.1%ಗೆ ಇಳಿಯಿತು. ಅವಧಿ 15 ವರ್ಷ. ತಿಂಗಳಿಗೆ 500 ಹಾಕಿದರೂ ಆಯಿತು, ಅವರ ವಯಸ್ಸಾದ ಕಾಲಕ್ಕೆ ಅವರದ್ದೇ ಒಂದು ಗಂಟು ಇರಬೇಕು. ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ.

2006ರ ಏಪ್ರಿಲ್ 1ರಂದು ಅಥವಾ ಆಮೇಲೆ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿ ಎನ್‌ಪಿಎಸ್‌ನಲ್ಲಿ ಇರುವವರಿಗೆ ಲೆಕ್ಕ ಸ್ವಲ್ಪ ಬೇರೆ. ನಿಮ್ಮಿಂದ 10%, ಸರ್ಕಾರದಿಂದ 14% ಹೋಗುತ್ತದೆ, ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ಕಡ್ಡಾಯ ಜೀವ ವಿಮೆ) ಕಂತು ಬೇರೆ. ನಿವೃತ್ತಿಯಲ್ಲಿ ಕೂಡಿದ ಮೊತ್ತ ದೊಡ್ಡದಾಗಿದ್ದರೆ ಕನಿಷ್ಠ 40%ನಲ್ಲಿ ಪಿಂಚಣಿ ಕೊಳ್ಳಲೇಬೇಕು. ಉಳಿದದ್ದು ಕೈಗೆ. ನಿಮ್ಮ ಕಡ್ಡಾಯದ ಉಳಿತಾಯ ಗಟ್ಟಿಯಾಗಿದೆ. ಮುಂದಿನ ಹಂತಗಳಲ್ಲಿ ನಿವೃತ್ತಿಗೆ ಹೆಚ್ಚುವರಿ ಮೊತ್ತ ಸಣ್ಣದಿದ್ದರೂ ನಡೆಯುತ್ತದೆ.

ಹಂತ 3: ಹೊಸ ತೆರಿಗೆಯೋ, ಹಳೆಯದೋ

ಇದನ್ನು ಬೇಗ ಮುಗಿಸಬಹುದು. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ, 80ಸಿ (ಉಳಿತಾಯಕ್ಕೆ ಸಿಗುವ ತೆರಿಗೆ ವಿನಾಯಿತಿ) ಕೂಡ ಇಲ್ಲ. ಹಳೆಯದರಲ್ಲಿ ಬಡ್ಡಿಗೆ 2 ಲಕ್ಷದವರೆಗೆ, 80ಸಿಯಲ್ಲಿ 1.5 ಲಕ್ಷದವರೆಗೆ ಇದೆ. ಆ 1.5 ಲಕ್ಷದಲ್ಲೇ ಪಿಎಫ್, ಸಾಲದ ಅಸಲು, ವಿಮೆ ಎಲ್ಲಾ ಸೇರಬೇಕು.

ಅಂದರೆ ನಮ್ಮಲ್ಲಿ ಬಹಳ ಜನರಿಗೆ "ತೆರಿಗೆ ಉಳಿಯುತ್ತೆ, ಸಾಲ ಮಾಡು" ಅನ್ನೋ ಮಾತಿಗೆ ಈಗ ಅರ್ಥವಿಲ್ಲ. ತೆರಿಗೆಯೇ ಬೀಳದವರಿಗೆ ಉಳಿಸೋಕೆ ಏನಿದೆ? ಮನೆ ಬೇಕು ಅಂತ ಇದ್ದರೆ ಸಾಲ ಮಾಡಿ, ತೆರಿಗೆಗೋಸ್ಕರ ಬೇಡ.

ಹಂತ 4: ಮೊದಲು ಗೋಡೆ ಕಟ್ಟಿ

ಇಟ್ಟಿಗೆ ಗೋಡೆಯ ಮಾತಲ್ಲ. ಕೆಲಸ ಹೋದರೆ, ಆಸ್ಪತ್ರೆ ಬಂದರೆ ತಡೆಯೋ ಗೋಡೆ. ಕನಿಷ್ಠ ನಾಲ್ಕು ತಿಂಗಳ ಮನೆ ಖರ್ಚು ಮತ್ತು ಕಂತು ಎಫ್‌ಡಿಯಲ್ಲಿ ಇರಬೇಕು. ನಿಧಾನಕ್ಕೆ ಅದನ್ನು ಆರು ತಿಂಗಳಿಗೆ ಏರಿಸಿ. ಖಾಸಗಿ ಶಾಲೆಯ ಸಂಬಳ ನಂಬಿದವರು ಒಂದು ವಿಷಯ ಗಮನಿಸಿ. ಕೆಲವು ಕಡೆ ಬೇಸಿಗೆ ರಜೆಯ ಸಂಬಳ ಕೊಡೋದಿಲ್ಲ. ಅಂಥವರಿಗೆ ಏಪ್ರಿಲ್, ಮೇ ಕಂತಿನ ದುಡ್ಡು ಮಾರ್ಚ್‌ನಲ್ಲೇ ಬೇರೆ ಇರಬೇಕು.

ಟರ್ಮ್ ಇನ್ಶೂರೆನ್ಸ್ ಸಾಲದ ಮೊತ್ತಕ್ಕಿಂತ ದೊಡ್ಡದಿರಲಿ. ಆರೋಗ್ಯ ವಿಮೆ ಕಂಪನಿಯದ್ದಷ್ಟೇ ಅಲ್ಲದೆ ಸ್ವಂತದ್ದೂ ಇರಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್, ಚಿನ್ನದ ಸಾಲ ಇದ್ದರೆ ಇಲ್ಲೇ ತೀರಿಸಿ. ಅವುಗಳ ಬಡ್ಡಿಯನ್ನು ಯಾವ ಎಸ್‌ಐಪಿಯೂ ಖಾತ್ರಿಯಾಗಿ ದಾಟೋದಿಲ್ಲ.

ಹಂತ 5: ಈಗ ಕಂತಿನ ಮಿತಿ ಹಾಕಿ

ನೋಟ್‌ಬುಕ್‌ನಲ್ಲಿ ಹೀಗೆ ಬರೆಯಿರಿ. ಉಳಿಕೆ 26,500. ಸ್ವಂತ ಮನೆ ಅಂದಮೇಲೆ ಕಂದಾಯ, ನೀರು, ರಿಪೇರಿ ಅಂತ 1,500 ಕಳೆಯಿರಿ: 25,000. ನಿವೃತ್ತಿಗೆ ಹೆಚ್ಚುವರಿ 3,000 (ಅದರಲ್ಲಿ ವಿಪಿಎಫ್ 2,000, ಹೆಂಡತಿಯ ಪಿಪಿಎಫ್ 1,000) ಕಳೆಯಿರಿ: 22,000. ಕಷ್ಟಕಾಲದ ಎಫ್‌ಡಿ ತುಂಬೋಕೆ 3,000 ಕಳೆಯಿರಿ: 19,000. ಕಂತು ಇದನ್ನು ದಾಟಬಾರದು.

ಇಲ್ಲಿ ಎಲ್ಲರೂ ಮಾಡೋ ತಪ್ಪು, ಈ 19,000ವನ್ನು ಇವತ್ತಿನ ಬಡ್ಡಿಗೆ ಹಾಕಿ ಸಾಲ ಲೆಕ್ಕ ಮಾಡೋದು. ಮನೆ ಸಾಲದ ಬಡ್ಡಿ ತೇಲುವ ಬಡ್ಡಿ. ರಿಸರ್ವ್ ಬ್ಯಾಂಕಿನ ರೆಪೊ ದರ (ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಏರಿದರೆ ನಿಮ್ಮದೂ ಏರುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರೆಪೊ 4%ನಿಂದ 6.5%ಗೆ ಹೋಯಿತು. ಆದ್ದರಿಂದ 1% ಜಾಸ್ತಿ ಹಿಡಿದು ಲೆಕ್ಕ ಮಾಡಿ.

20 ವರ್ಷಕ್ಕೆ ಒಂದು ಲಕ್ಷಕ್ಕೆ ಕಂತು 8%ನಲ್ಲಿ 836 ರೂಪಾಯಿ, 9%ನಲ್ಲಿ 900 ರೂಪಾಯಿ. 19,000ವನ್ನು 900ರಿಂದ ಭಾಗಿಸಿದರೆ 21 ಚಿಲ್ಲರೆ. ಸಾಲ 21 ಲಕ್ಷ. ಬ್ಯಾಂಕ್ ಹೇಳಿದ್ದು 32. 8%ನಲ್ಲಿ 21 ಲಕ್ಷದ ಕಂತು 17,565. ಉಳಿಯುವ 1,400 ಚಿಲ್ಲರೆಯಿಂದ ಎಸ್‌ಐಪಿ ಶುರು.

ಹುಡುಗನ ಮುಖ ಸಪ್ಪಗಾಯಿತು. "21 ಲಕ್ಷಕ್ಕೆ ಏನು ಬರುತ್ತೆ ಅಕ್ಕಾ?" ಅಂದ. ಹೆಂಡತಿ ಅಲ್ಲಿಯವರೆಗೆ ಮಾತಾಡಿರಲಿಲ್ಲ. "ರೀ, ಮೂವತ್ತು ಲಕ್ಷದ ಒಳಗೆ ಕ್ಯಾತ್ಸಂದ್ರದ ಆ ಕಡೆ ನೋಡೋಣ. ಇಲ್ಲಾಂದ್ರೆ ಎರಡು ವರ್ಷ ತಡೆಯೋಣ. ಪಾಪುಗೆ ಹುಷಾರಿಲ್ಲ ಅಂದ್ರೆ ಯಾರ ಹತ್ರ ಕೇಳ್ತೀರ?" ಅಂದಳು. ಆ ಲೆಕ್ಕ ಅಲ್ಲಿಗೆ ತೀರ್ಮಾನ ಆಯಿತು.

ಇನ್ನೊಂದು ಪರೀಕ್ಷೆ ಇದೆ: ನಿಮ್ಮ ವಯಸ್ಸಿಗೆ ಸಾಲದ ಅವಧಿ ಕೂಡಿಸಿ. 58 ದಾಟಿದರೆ ಅವಧಿ ಜಾಸ್ತಿ ಆಯಿತು ಅಂತ ಅರ್ಥ. 40ರ ವಯಸ್ಸಲ್ಲಿ 25 ವರ್ಷದ ಸಾಲ ತೆಗೆದರೆ ಕೊನೆಯ ಏಳು ವರ್ಷದ ಕಂತನ್ನು ಪಿಎಫ್ ದುಡ್ಡೇ ಕಟ್ಟಬೇಕಾಗುತ್ತದೆ.

ಹಂತ 6: ಆರು ತಿಂಗಳು ಕಂತು ಕಟ್ಟಿ ಅಭ್ಯಾಸ ಮಾಡಿ

ಸಾಲ ತೆಗೆಯೋ ಮುಂಚೆಯೇ. ಹೊಸ ಖರ್ಚು 17,565 ಮತ್ತು 1,500, ಒಟ್ಟು 19,065. ಈಗಿನ ಬಾಡಿಗೆ 11,000. ವ್ಯತ್ಯಾಸ ಸುಮಾರು 8,000. ಪ್ರತಿ ತಿಂಗಳು 5ನೇ ತಾರೀಕು ಆ 8,000ವನ್ನು ಎಟಿಎಂ ಕಾರ್ಡ್ ಇಲ್ಲದ ಬೇರೆ ಖಾತೆಗೆ ಹಾಕಿ. ಆರು ತಿಂಗಳು ಮುಟ್ಟದೆ ನಡೆದರೆ ನೀವು ತಯಾರು. ಕೈಲಿ 48,000 ಕೂಡಿರುತ್ತದೆ. ಮೂರನೇ ತಿಂಗಳಿಗೇ ಆ ಖಾತೆಗೆ ಕೈ ಹಾಕಿದರೆ ಒಂದನೇ ಹಂತದ ಖರ್ಚಿನ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ. ಹಿಂದೆ ಹೋಗಿ ಹುಡುಕಿ.

ಗಾಡಿ ಸಾಲ, ಚೀಟಿ ಇನ್ನೂ ನಡೆಯುತ್ತಿದ್ದರೆ ಅವು ಮುಗಿದ ತಿಂಗಳಿಂದ ಈ ಅಭ್ಯಾಸ ಶುರು ಮಾಡಿ.

ಹಂತ 7: ಕೈಯಿಂದ ಹಾಕುವ ದುಡ್ಡು ಮತ್ತು ಕಾಗದ ಪತ್ರ

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ 90%ವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ 80%ವರೆಗೆ ಬ್ಯಾಂಕ್ ಕೊಡಬಹುದು. ಸಿಗುತ್ತದೆ ಅಂತ 90% ತಗೋಬೇಡಿ. 30 ಲಕ್ಷದ ಮನೆಗೆ 21 ಲಕ್ಷ ಸಾಲ ಅಂದರೆ ನಿಮ್ಮ ಕೈಯಿಂದ 9 ಲಕ್ಷ.

ಅಲ್ಲಿಗೇ ಮುಗಿಯೋದಿಲ್ಲ. ನೋಂದಣಿ ಖರ್ಚನ್ನು ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕು. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ನಿಂದ 2%ಗೆ ಏರಿದೆ. 5% ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿದರೆ ನಗರದ ಸೈಟು, ಮನೆಗಳಿಗೆ ಸುಮಾರು 7.6%. 30 ಲಕ್ಷಕ್ಕೆ 2.28 ಲಕ್ಷ. ಆಮೇಲೆ ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಕಪಾಟು, ಸಂಪು, ಮೀಟರ್, ಗೃಹಪ್ರವೇಶ. ಇವಕ್ಕೆಲ್ಲ ಬೇರೆ ಪಟ್ಟಿ ಬರೆಯಿರಿ.

ಈ ಕೊನೆಯ ಪಟ್ಟಿಗೇ ಜನ ಪಿಎಫ್ ಮುರಿಯುವುದು. ನಾನೂ ಮುರಿದಿದ್ದೇನೆ. ಆಗ ನನಗೆ 35. ಗೃಹಪ್ರವೇಶಕ್ಕೆ ಎರಡು ತಿಂಗಳು ಇತ್ತು, ಅಡುಗೆಮನೆ ಕಪಾಟು, ಮುಂದಿನ ಕಾಂಪೌಂಡು ಬಾಕಿ ಇತ್ತು. 4 ಲಕ್ಷ ತೆಗೆದೆ. ಅರ್ಜಿ ಹಾಕಿದ್ದು ಹತ್ತು ನಿಮಿಷದ ಕೆಲಸ. ಅದೇ 4 ಲಕ್ಷ 8.25%ನಲ್ಲಿ 58ನೇ ವಯಸ್ಸಿನವರೆಗೆ, ಅಂದರೆ 23 ವರ್ಷ ಹಾಗೇ ಇದ್ದಿದ್ದರೆ 24 ಲಕ್ಷ ದಾಟುತ್ತಿತ್ತು. ಈ ಲೆಕ್ಕವನ್ನು ಆಗ ಯಾರಾದರೂ ನನ್ನ ಎದುರು ಕೂತು ಬರೆದು ತೋರಿಸಿದ್ದರೆ ಕಾಂಪೌಂಡಿಗೆ ಬೇಲಿ ಹಾಕಿಕೊಂಡು ಎರಡು ವರ್ಷ ಕಾಯುತ್ತಿದ್ದೆ. ಪಿಎಫ್‌ನಿಂದ ತೆಗೆಯಲೇಬೇಕು ಅಂದರೆ ಮನೆಯ ಬೆಲೆಗೆ ತೆಗೆಯಿರಿ, ಅಷ್ಟರಮಟ್ಟಿಗೆ ಸಾಲ ಕಡಿಮೆ ಆಗುತ್ತದೆ. ಟೈಲ್ಸು, ಕಪಾಟು, ಊಟದ ಖರ್ಚಿಗೆ ಬೇಡವೇ ಬೇಡ.

ಚೀಟಿ ದುಡ್ಡನ್ನು ನಂಬಿ ಅಡ್ವಾನ್ಸ್ ಕೊಡೋರು ಹುಷಾರು. ಚೀಟಿ ಎತ್ತಿದ ಮೇಲೆ ಕರಾರು ಬರೆಯಿರಿ. ನೋಂದಣಿ ಆಗದ ಚೀಟಿಯಲ್ಲಿ ದುಡ್ಡು ಸಿಕ್ಕಿಕೊಂಡರೆ ಮನೆಯ ಅಡ್ವಾನ್ಸೂ ಹೋಗುತ್ತದೆ.

ಕಾಗದದ ವಿಷಯ: ನಗರದ ಆಸ್ತಿಗೆ ಇ-ಖಾತೆ, ಪಂಚಾಯಿತಿ ವ್ಯಾಪ್ತಿಯದಕ್ಕೆ ಇ-ಸ್ವತ್ತಿನ ಫಾರಂ 9 ಮತ್ತು 11, ಭೂ ಪರಿವರ್ತನೆ ಆದೇಶ, ಬಡಾವಣೆಗೆ ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ, ಮೂಲ ಪತ್ರಗಳು, ಇಸಿ (ಋಣಭಾರ ಪ್ರಮಾಣಪತ್ರ). ಬಿ ಖಾತೆ (ಅನುಮೋದನೆ ಸರಿ ಇಲ್ಲದ ಆಸ್ತಿಗೆ ಕೊಡುವ ಖಾತೆ) ಆಸ್ತಿಗೆ ಹೆಚ್ಚಿನ ಬ್ಯಾಂಕುಗಳು ಹಿಂಜರಿಯುತ್ತವೆ. ಆಗ ಜನ ಜಾಸ್ತಿ ಬಡ್ಡಿಯ ಫೈನಾನ್ಸ್ ಕಡೆ ಹೋಗುತ್ತಾರೆ, ಇಲ್ಲಿವರೆಗೆ ಮಾಡಿದ ಲೆಕ್ಕವೆಲ್ಲ ಕೆಡುತ್ತದೆ. ಕಾಗದ ಸರಿ ಇಲ್ಲದ ಸೈಟು ಎರಡು ಲಕ್ಷ ಕಡಿಮೆಗೆ ಸಿಕ್ಕರೂ ಬಿಡಿ.

ಸೈಟು ತಗೊಂಡು ಮನೆ ಕಟ್ಟಿಸುವವರಿಗೆ ಇನ್ನೊಂದು ಎಚ್ಚರಿಕೆ. ಸಾಲ ಕಂತು ಕಂತಾಗಿ ಬರುತ್ತದೆ. ಬಿಡುಗಡೆಯಾದ ಮೊತ್ತಕ್ಕೆ ಅವತ್ತಿನಿಂದಲೇ ಬಡ್ಡಿ. 10 ಲಕ್ಷ ಬಂದಿದ್ದರೆ 8%ನಲ್ಲಿ ತಿಂಗಳಿಗೆ ಸುಮಾರು 6,670. ಇತ್ತ ಬಾಡಿಗೆಯೂ ನಿಲ್ಲೋದಿಲ್ಲ. ಮೇಸ್ತ್ರಿ ಎಂಟು ತಿಂಗಳು ಅಂದರೆ ನೀವು ಹದಿನಾಲ್ಕು ಅಂತ ಹಿಡಿಯಿರಿ. ಆ ಹದಿನಾಲ್ಕು ತಿಂಗಳ ಬಾಡಿಗೆಯನ್ನೂ ಮನೆಯ ವೆಚ್ಚಕ್ಕೇ ಸೇರಿಸಿ.

ಹಂತ 8: ಸಹಿ ಹಾಕುವಾಗ, ಹಾಕಿದ ಮೇಲೆ

ಸಾಲದ ಜೊತೆ ಬ್ಯಾಂಕಿನವರು ಒಂದೇ ಕಂತಿನ ವಿಮೆ ಸೇರಿಸುತ್ತಾರೆ. ಆ ಪ್ರೀಮಿಯಂ ಕೂಡ ಸಾಲಕ್ಕೇ ಸೇರಿ 20 ವರ್ಷ ಬಡ್ಡಿ ತಿನ್ನುತ್ತದೆ. ಅವರ ಹತ್ತಿರವೇ ತಗೋಬೇಕು ಅಂತ ಕಡ್ಡಾಯ ಇಲ್ಲ. ನಿಮ್ಮ ಟರ್ಮ್ ಪಾಲಿಸಿ ತೋರಿಸಿ. ಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. ಸಾಲದಲ್ಲಿ ಇಬ್ಬರ ಸಹಿ, ಆಸ್ತಿಯಲ್ಲಿ ಒಬ್ಬರ ಹೆಸರು ಅನ್ನೋದು ನ್ಯಾಯವಲ್ಲ.

ಬಡ್ಡಿ ಏರಿದಾಗ ಬ್ಯಾಂಕ್ ಕಂತು ಏರಿಸದೆ ಅವಧಿ ಉದ್ದ ಮಾಡಬಹುದು. ನಿಮಗೆ ಗೊತ್ತೇ ಆಗೋದಿಲ್ಲ. 20 ವರ್ಷದ ಸಾಲ ಶುರುವಿನಲ್ಲೇ 8%ನಿಂದ 9%ಗೆ ಏರಿ, ಕಂತು ಅಷ್ಟೇ ಉಳಿದರೆ ಅವಧಿ 25 ವರ್ಷ ದಾಟುತ್ತದೆ! ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಅನ್ನೋ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲೇ ಹೇಳಿದೆ. ಶಾಖೆಗೆ ಹೋಗಿ ಕಂತು ಏರಿಸಿ ಅಂತ ಬರೆದು ಕೊಡಿ. ಒಂದು ಪರ್ಸೆಂಟ್ ಜಾಸ್ತಿ ಹಿಡಿದು ಲೆಕ್ಕ ಮಾಡಿದ್ದು ಇದಕ್ಕೇ.

ಈಗ ಬೋನಸ್, ಓವರ್‌ಟೈಮ್ ದುಡ್ಡಿನ ಕೆಲಸ. ಸಾಲದ ಅಸಲಿಗೆ ಹಾಕಬೇಕಾ, ಎಸ್‌ಐಪಿಗಾ, ವಿಪಿಎಫ್‌ಗಾ? 21 ಲಕ್ಷದ ಸಾಲದಲ್ಲಿ ಮೊದಲ ತಿಂಗಳ 17,565ರಲ್ಲಿ 14,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ 3,565. ಹಾಗಾಗಿ ಶುರುವಿನ ವರ್ಷಗಳಲ್ಲಿ ಅಸಲಿಗೆ ಹಾಕಿದ ಪ್ರತಿ ರೂಪಾಯಿ ಜಾಸ್ತಿ ಕಾಲ ಬಡ್ಡಿ ತಪ್ಪಿಸುತ್ತದೆ. ಪ್ರತಿ ವರ್ಷ ಒಂದು ಕಂತು ಜಾಸ್ತಿ ಕಟ್ಟಿದರೆ 20 ವರ್ಷದ ಸಾಲ ಸುಮಾರು ಮೂರು ವರ್ಷ ಮೊದಲೇ ತೀರುತ್ತದೆ. ತೇಲುವ ಬಡ್ಡಿಯ ಮನೆ ಸಾಲಕ್ಕೆ ಇದಕ್ಕೆ ದಂಡ ಹಾಕುವ ಹಾಗಿಲ್ಲ. ಕಟ್ಟುವಾಗ "ಅವಧಿ ಕಡಿಮೆ ಮಾಡಿ, ಕಂತು ಹಾಗೇ ಇರಲಿ" ಅಂತ ಬರೆದು ಕೊಡಿ.

ವಿಪಿಎಫ್ 8.25%, ಸಾಲ 8%. ಹೆಚ್ಚು ಕಡಿಮೆ ಒಂದೇ. ಆದರೆ ವಿಪಿಎಫ್ ನಿವೃತ್ತಿಗೆ ಉಳಿಯುತ್ತದೆ. ಎಸ್‌ಐಪಿ ಮೇಲೂ ಹೋಗಬಹುದು, ಕೆಳಗೂ ಬೀಳಬಹುದು. 2020ರ ಜನವರಿಯಿಂದ ಮಾರ್ಚ್ ಒಳಗೆ ಷೇರುಪೇಟೆಯ ಸೂಚ್ಯಂಕ ನಿಫ್ಟಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದಿತ್ತು. ಆಗ ಕಂತಿಗೋಸ್ಕರ ಮಾರಿದವರಿಗೆ ನಷ್ಟ, ಮುಟ್ಟದೆ ಬಿಟ್ಟವರಿಗೆ ದುಡ್ಡು ವಾಪಸ್ ಬಂತು. ಏಳೆಂಟು ವರ್ಷ ಬೇಡದ ದುಡ್ಡನ್ನಷ್ಟೇ ಅಲ್ಲಿ ಹಾಕಿ. ಸಾಧಾರಣ ಇಂಡೆಕ್ಸ್ ಫಂಡ್ (ಸೂಚ್ಯಂಕದಲ್ಲಿರುವ ಷೇರುಗಳಲ್ಲೇ ಹಾಕುವ ಫಂಡ್) ಒಂದು ಸಾಕು.

ನಾನು ಹೇಳೋದು ಹೀಗೆ: ತಿಂಗಳ ವಿಪಿಎಫ್, ಸಣ್ಣ ಎಸ್‌ಐಪಿ ಯಾವ ಕಾರಣಕ್ಕೂ ನಿಲ್ಲಬಾರದು. ಬೋನಸ್ ಬಂದರೆ ಮೊದಲ ಐದು ವರ್ಷ ಹೆಚ್ಚಿನ ಪಾಲು ಅಸಲಿಗೆ. ಸಂಬಳ ಏರಿದಾಗ ಏರಿಕೆಯ ಅರ್ಧ ಎಸ್‌ಐಪಿಗೆ. ಉಳಿದರ್ಧ ಮನೆಗೆ, ಮಕ್ಕಳಿಗೆ. ಬರೀ ಉಳಿಸುತ್ತಾ ಕೂತರೆ ಮನೆಯವರಿಗೆ ಬೇಸರ ಬಂದು ಇಡೀ ಯೋಜನೆಯೇ ಬಿದ್ದುಹೋಗುತ್ತದೆ.

ಪ್ರತಿ ಏಪ್ರಿಲ್‌ನಲ್ಲಿ ಸಾಲದ ಸ್ಟೇಟ್‌ಮೆಂಟ್ ಮತ್ತು ಪಿಎಫ್ ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ನೋಡಿ. ಅಸಲು ಎಷ್ಟು ಇಳಿಯಿತು, ಪಿಎಫ್ ಎಷ್ಟು ಏರಿತು, ಇನ್ನು ಎಷ್ಟು ಕಂತು ಬಾಕಿ. ಮೂರು ಸಂಖ್ಯೆ ಬರೆದಿಡಿ. ಸಾಲ ಪೂರ್ತಿ ತೀರಿದಾಗ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ಅವರಿಂದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರದ ನಿಯಮ ಇದೆ.

ಅಪಾಯದ ಗುರುತುಗಳು

20ನೇ ತಾರೀಕಿಗೇ ಕ್ರೆಡಿಟ್ ಕಾರ್ಡ್‌ನಲ್ಲಿ ದಿನಸಿ ತರೋಕೆ ಶುರುವಾದರೆ ಅದು ಮೊದಲ ಗುರುತು. ಕಂತಿಗೋಸ್ಕರ ಒಡವೆ ಅಡ ಇಡೋದು ಎರಡನೆಯದು. ಮನೆ ಸಾಲದ ಮೇಲೆ ಟಾಪ್ ಅಪ್ ತಗೊಂಡು ಕಾರು, ಮದುವೆ ಮಾಡೋದು ಮೂರನೆಯದು. ಪಿಎಫ್‌ಗೆ ವರ್ಷದಲ್ಲಿ ಎರಡನೇ ಸಲ ಅರ್ಜಿ ಹಾಕೋ ಯೋಚನೆ ಬಂದರೆ ಅವತ್ತೇ ನೋಟ್‌ಬುಕ್ ತೆಗೆದು ಒಂದನೇ ಹಂತದಿಂದ ಮತ್ತೆ ಮಾಡಿ.

ಕಂತು ಕಟ್ಟೋಕೆ ಆಗೋದಿಲ್ಲ ಅನ್ನಿಸಿದರೆ ತಪ್ಪೋ ಮುಂಚೆಯೇ ಶಾಖೆಗೆ ಹೋಗಿ. ಅವಧಿ ಹೆಚ್ಚಿಸಿ ಕಂತು ಇಳಿಸಿ ಅಂತ ಆಗ ಕೇಳಬಹುದು. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ 60 ದಿನದ ನೋಟಿಸ್ ಕೊಟ್ಟು ಮನೆಯನ್ನೇ ವಶಕ್ಕೆ ತೆಗೆದುಕೊಳ್ಳುವ ದಾರಿ ಬ್ಯಾಂಕಿಗೆ ಇದೆ. ನಾಚಿಕೆಯಿಂದ ಫೋನ್ ಎತ್ತದೆ ಕೂತವರಿಗೇ ಆ ನೋಟಿಸ್ ಬರೋದು ಜಾಸ್ತಿ.

ಆ ಹುಡುಗನ ಗಾಡಿ ಸಾಲ ತೀರಿದೆ, ಚೀಟಿಯೂ ಮುಗಿದಿದೆ. ಈಗ ಅಭ್ಯಾಸದ ನಾಲ್ಕನೇ ತಿಂಗಳು. 5ನೇ ತಾರೀಕು 8,000 ಹಾಕಿದ ಮೇಲೆ ನನಗೊಂದು ಮೆಸೇಜ್ ಕಳಿಸುತ್ತಾನೆ. ಕ್ಯಾತ್ಸಂದ್ರದ ಆ ಕಡೆ 29 ಲಕ್ಷಕ್ಕೆ ಒಂದು ಮನೆ ನೋಡಿ ಬಂದಿದ್ದಾರೆ. ಇ-ಖಾತೆಯ ಪ್ರತಿ ಈ ವಾರ ವಕೀಲರ ಕೈ ಸೇರಬೇಕು.